ಇದು ಎಲೆಕುರಿ ತಾನೇ? 6 ಮಿ.ಮೀ. ಹಸಿರು ಕಡಲ ಹುಳು, ಗುರುತಿಸಿ ಕೊಡಿ

ತೀರದ_ಕ್ಯಾಮೆರಾ:
ಎಲ್ಲರಿಗೂ ನಮಸ್ಕಾರ. ಎರಡು ವರ್ಷದಿಂದ ಇಲ್ಲಿ ಸುಮ್ನೆ ಓದಿಕೊಂಡು ಹೋಗುತ್ತಿದ್ದೆ. ಇವತ್ತು ಮೊದಲ ಸಲ ಬರೆಯುತ್ತಿದ್ದೇನೆ, ಏಕೆಂದರೆ ಖುಷಿ ತಡೆಯೋಕಾಗುತ್ತಿಲ್ಲ.

ಹವಳದ ದಿಬ್ಬದ ಮೇಲೆ ನೀರು ಇಳಿದಿದ್ದಾಗ ಪಾಚಿ ಫೋಟೊ ತೆಗೆಯುತ್ತಿದ್ದೆ. ಮೊಣಕಾಲುದ್ದ ನೀರು. ಸ್ಕ್ರೀನಿನಲ್ಲಿ ದೊಡ್ಡದು ಮಾಡಿ ನೋಡಿದರೆ ಪಾಚಿಯ ಒಂದು ತುಣುಕು ನಡೆಯುತ್ತಿತ್ತು! ಮೈಮೇಲೆಲ್ಲ ಎಲೆಯಂಥ ಹಸಿರು ಗೊಂಚಲು, ತಲೆ ಮೇಲೆ ಎರಡು ಕೊಂಬು, ಬೆಳ್ಳಗಿನ ಮುಖ. ಉಗುರಿನ ಪಕ್ಕ ಇಟ್ಟು ಅಂದಾಜು ಮಾಡಿದೆ, 6 ಮಿ.ಮೀ. ಇರಬಹುದು. ಫೋನಿನ ಆ್ಯಪ್‌ಗೆ ಹಾಕಿದೆ. ಒಂದೇ ಏಟಿಗೆ ಕಾಸ್ಟಾಸಿಯೆಲ್ಲಾ ಕುರೋಶಿಮೇ ಅಂದಿತು. ಅದೇ, ಎಲ್ಲರೂ 'ಎಲೆಕುರಿ' ಅಂತ ಹಂಚಿಕೊಳ್ಳುವ ಮುದ್ದು ಪ್ರಾಣಿ. ಬಿಸಿಲಿನಿಂದ ಊಟ ಮಾಡಿಕೊಳ್ಳುವ ಪ್ರಾಣಿ!

ಮೇಲಿನಿಂದ ತೆಗೆದ ಫೋಟೊ ಹಾಕಿದ್ದೇನೆ. ಖಚಿತ ಮಾಡಿ ಕೊಟ್ಟರೆ ಹೆಸರು ಬರೆದು ಜೋಡಿಸಿಡುತ್ತೇನೆ.

ಉಪ್ಪುನೀರು:
ಅಯ್ಯೋ ಎಷ್ಟು ಮುದ್ದಾಗಿದೆ!! ಹೌದು, ಎಲೆಕುರಿಯೇ. ಅಭಿನಂದನೆ. ನಾನು ನಾಲ್ಕು ವರ್ಷದಿಂದ ಹುಡುಕುತ್ತಿದ್ದೇನೆ, ಒಂದೂ ಸಿಕ್ಕಿಲ್ಲ.

ತರಲೆ_ತಮ್ಮ:
ಮುಖ ನೋಡಿದರೆ ಕುರಿ ಅಲ್ಲ, ಮೇಕೆ.

ಹಳೇ_ಡೈವರ್:
ಒಳ್ಳೆಯ ನ್ಯೂಡಿಬ್ರ್ಯಾಂಕ್ (ಚಿಪ್ಪಿಲ್ಲದ ಕಡಲ ಮೃದ್ವಂಗಿ). ಚೆನ್ನಾಗಿ ಹಿಡಿದಿದ್ದೀರಿ.

ಮೃದ್ವಂಗಿ_ಮೇಷ್ಟ್ರು:
ಮೊದಲ ಪೋಸ್ಟಿಗೇ ಇಷ್ಟು ಸಣ್ಣ ಪ್ರಾಣಿ ಹಿಡಿದಿದ್ದೀರಿ, ಶಹಬ್ಬಾಸ್. ಆದರೆ ಸ್ವಲ್ಪ ತಡೆಯೋಣ.

ಮೊದಲಿಗೆ ಡೈವರ್ ಸಾಹೇಬರಿಗೆ: ಇದು ನ್ಯೂಡಿಬ್ರ್ಯಾಂಕ್ ಅಲ್ಲ. ಬೆನ್ನ ಮೇಲೆ ಗೊಂಚಲು ಇದ್ದ ಮಾತ್ರಕ್ಕೆ ನ್ಯೂಡಿಬ್ರ್ಯಾಂಕ್ ಆಗಲ್ಲ. ಇದು ಸ್ಯಾಕೊಗ್ಲೊಸಾ ಗುಂಪಿನದು, ಅಂದರೆ ಪಾಚಿಯ ರಸ ಹೀರುವವರು. ನ್ಯೂಡಿಬ್ರ್ಯಾಂಕ್‌ಗಳು ಮಾಂಸಾಹಾರಿಗಳು. ಸ್ಪಂಜು, ಹೈಡ್ರಾಯ್ಡ್, ಹವಳ, ಕೆಲವೊಮ್ಮೆ ಒಂದನ್ನೊಂದು ತಿನ್ನುತ್ತವೆ. ಗೊಂಚಲು ಈ ಎರಡೂ ಗುಂಪಿನಲ್ಲಿ ಬೇರೆ ಬೇರೆಯಾಗಿ ವಿಕಾಸವಾಗಿ ಬಂದದ್ದು.

ಇನ್ನು ತೀರದ_ಕ್ಯಾಮೆರಾ ಅವರಿಗೆ ಮೂರು ಪ್ರಶ್ನೆ. ಯಾವ ಸಮುದ್ರ? ಯಾವ ಪಾಚಿಯ ಮೇಲಿತ್ತು? ಮತ್ತು ಕಣ್ಣು ಎಲ್ಲಿವೆ? ಮೇಲಿನಿಂದ ತೆಗೆದ ಫೋಟೊದಲ್ಲಿ ಕಣ್ಣು ಕಾಣುತ್ತಿಲ್ಲ.

ಉಪ್ಪುನೀರು:
ಮೇಷ್ಟ್ರೇ, ಸಂತೋಷಕ್ಕೆ ನೀರು ಹಾಕಬೇಡಿ :)

ತೀರದ_ಕ್ಯಾಮೆರಾ:
ಸರ್, ಪಶ್ಚಿಮ ಪೆಸಿಫಿಕ್. ಪಾಚಿಯ ಹೆಸರು ಗೊತ್ತಿಲ್ಲ. ಹಸಿರು ಗುಳ್ಳೆ ಗುಳ್ಳೆಯಾಗಿತ್ತು, ಬೆರಳಿನ ತುದಿಯಷ್ಟು ಉದ್ದ, ಒತ್ತಿದರೆ ಗಟ್ಟಿ. ಗುಂಪಾಗಿ ಬೆಳೆದಿತ್ತು. ಕಣ್ಣು ಅಂದರೆ... ಎರಡಿವೆ ಅಂದುಕೊಳ್ಳುತ್ತೇನೆ, ಎಲ್ಲರಿಗೂ ಇರುವ ಹಾಗೆ?

ತರಲೆ_ತಮ್ಮ:
ಎರಡು ಇರೋದು ಸಮಸ್ಯೆ ಅಲ್ಲ ಗುರುವೇ, ಅವು ಎಲ್ಲಿವೆ ಅನ್ನೋದು ಸಮಸ್ಯೆ.

ಮೃದ್ವಂಗಿ_ಮೇಷ್ಟ್ರು:
ತಮ್ಮ ಈ ಸಲ ಸರಿಯಾಗಿ ಹೇಳಿದ್ದಾನೆ. ಕಾಸ್ಟಾಸಿಯೆಲ್ಲಾ ಕುಲದ, ಅಂದರೆ ಹತ್ತಿರದ ಪ್ರಭೇದಗಳ ಆ ಗುಂಪಿನ, ದೊಡ್ಡ ಗುರುತೇ ಕಣ್ಣು. ಎರಡೂ ತಲೆಯ ನಡುಗೆರೆಗೆ ಒತ್ತಿಕೊಂಡಿರುತ್ತವೆ. ದೂರದಿಂದ ಒಂದೇ ಚುಕ್ಕೆ ಅನ್ನಿಸಬೇಕು. ಎಲೆಕುರಿಯ ಮುಖಕ್ಕೆ ಆ ಪೆದ್ದು ಕಾರ್ಟೂನ್ ಕಳೆ ಬರುವುದೇ ಅದರಿಂದ. ಕಣ್ಣು ತಲೆಯ ಆಚೆ ಈಚೆ ಪಕ್ಕದಲ್ಲಿದ್ದರೆ ಕಥೆ ಬೇರೆ.

ಪಾಚಿಪ್ರೇಮಿ:
ತಡೀರಿ ತಡೀರಿ. ಗುಳ್ಳೆ ಗುಳ್ಳೆ ಪಾಚಿ ಅಂದಿರಾ? ಕಾಸ್ಟಾಸಿಯೆಲ್ಲಾಗಳನ್ನು ಹುಡುಕುವವರು ನೋಡುವುದು ಅವ್ರೈನ್‌ವಿಲ್ಲಿಯಾ ಪಾಚಿಯ ಮೇಲೆ. ಅದು ಬೀಸಣಿಗೆ ಥರ, ಮುಟ್ಟಿದರೆ ಕಂಬಳಿ ತುಂಡು ಮುಟ್ಟಿದ ಹಾಗೆ ಇರುತ್ತದೆ, ಮೇಲೆಲ್ಲ ಮರಳು ಅಂಟಿಕೊಂಡು ಕೊಳಕಾಗಿ ಕಾಣುತ್ತದೆ. ಗಟ್ಟಿ ಗುಳ್ಳೆ ಅಲ್ಲವೇ ಅಲ್ಲ.

ದಯವಿಟ್ಟು ಪಾಚಿಯದ್ದೊಂದು ಪೂರ್ತಿ ಫೋಟೊ ಹಾಕಿ. ಹುಳದ ಫೋಟೊಗಿಂತ ನನಗೆ ಅದೇ ಬೇಕು. ನೀವೆಲ್ಲ ಯಾವತ್ತೂ ಹುಳಕ್ಕೆ ಫೋಕಸ್ ಮಾಡಿ ಪಾಚಿಯನ್ನು ಮಸುಕು ಮಾಡುತ್ತೀರಿ, ಆಮೇಲೆ ನಮ್ಮನ್ನು ಕೇಳುತ್ತೀರಿ.

ಹಳೇ_ಡೈವರ್:
ಮೇಷ್ಟ್ರು ತಿದ್ದಿದ್ದಕ್ಕೆ ಧನ್ಯವಾದ. ಆದರೆ ಒಂದು ಮಾತು. ನಾವು ನೀರಿನ ಕೆಳಗೆ ಬಣ್ಣ ನೋಡಿಯೇ ಹೇಳುವುದು, ಅದು ನೂರಕ್ಕೆ ತೊಂಬತ್ತು ಸಲ ಸರಿ ಇರುತ್ತದೆ. ಪ್ರತಿ ಹುಳಕ್ಕೂ ಕಣ್ಣು, ಹಲ್ಲು, ಜಾತಕ ನೋಡುತ್ತಾ ಕೂತರೆ ಆಕ್ಸಿಜನ್ ಖಾಲಿ ಆಗುತ್ತದೆ.

ಗಾಜಿನ_ತೊಟ್ಟಿ:
ಸಿಲಿಂಡರ್‌ನಲ್ಲಿ ಇರೋದು ಗಾಳಿ, ಆಕ್ಸಿಜನ್ ಅಲ್ಲ ಡೈವರ್ ಸಾಹೇಬ್ರೇ. ಹಳಬರೇ ಹೀಗೆ ಬರೆದರೆ ಹೇಗೆ?

ಹಳೇ_ಡೈವರ್:
ಮಾತಿಗೆ ಅಂದೆ ಮಾರಾಯ್ರೇ.

ಮೃದ್ವಂಗಿ_ಮೇಷ್ಟ್ರು:
ತೊಂಬತ್ತು ಸಲ ಸರಿ ಇತ್ತು ಅಂತ ನಿಮಗೆ ಹೇಗೆ ಗೊತ್ತು? ಆ ತೊಂಬತ್ತನ್ನೂ ಬಣ್ಣ ನೋಡಿಯೇ ಸರಿ ಅಂದವರು ನೀವೇ ಅಲ್ವಾ?

ತೆರೆದ ಕಡಲಲ್ಲಿ ತೇಲುವ ನೀಲಿ ನ್ಯೂಡಿಬ್ರ್ಯಾಂಕ್ ಗ್ಲಾಕಸ್ ನೋಡಿದ್ದೀರಲ್ಲ. ಅದರಲ್ಲಿ ಸಣ್ಣದನ್ನು ಎಲ್ಲರೂ ಗ್ಲಾಕಸ್ ಮಾರ್ಜಿನೇಟಸ್ ಅಂತ ಒಂದೇ ಹೆಸರಿನಲ್ಲಿ ಕರೆಯುತ್ತಿದ್ದರು. ಡಿಎನ್‌ಎ ನೋಡಿದರು, ಕತ್ತರಿಸಿ ಒಳಗಿನ ಅಂಗಗಳನ್ನು ನೋಡಿದರು. 2014ರಲ್ಲಿ ಅದರೊಳಗಿಂದ ಮೂರು ಹೊಸ ಪ್ರಭೇದ ಹೊರಗೆ ಬಂದವು. ಹೊರಗಿನಿಂದ ನೋಡಿದರೆ ಎಲ್ಲವೂ ಅದೇ ನೀಲಿ.

ತಿರುಗಾಮುರುಗಾ ಕೂಡ ಆಗುತ್ತದೆ. ನ್ಯೂಡಿಬ್ರ್ಯಾಂಕ್‌ಗಳದೇ ಇನ್ನೊಂದು ಕುಲವಾದ ಕ್ರೋಮೊಡೋರಿಸ್‌ಗಳಲ್ಲಿ ನೀಲಿ ಮೈ, ಕಪ್ಪು ಪಟ್ಟೆ, ಹಳದಿ ಅಂಚು ಹಲವು ಪ್ರಭೇದಕ್ಕೆ ಇದೆ. ಎಲ್ಲವೂ ರುಚಿಗೆಟ್ಟ ಮೈಯವು, ಒಂದೇ ಥರದ ಬಣ್ಣ ಇದ್ದರೆ ಮೀನಿಗೆ ಒಂದು ಸಲ ಪಾಠ ಕಲಿಸಿದರೆ ಸಾಕು. ಕೆಲವು ಚಪ್ಪಟೆ ಹುಳುಗಳೂ ಅದೇ ವೇಷ ಹಾಕಿಕೊಂಡು ತಿರುಗುತ್ತವೆ, ಅವು ಮೃದ್ವಂಗಿಗಳೇ ಅಲ್ಲ.

ಉಪ್ಪುನೀರು:
ಚಪ್ಪಟೆ ಹುಳು ವಿಷಯದಲ್ಲಿ ನಾನೇ ಮೋಸ ಹೋಗಿದ್ದೇನೆ. ಒಂದು ವರ್ಷ ನ್ಯೂಡಿಬ್ರ್ಯಾಂಕ್ ಅಂತ ಫೋಟೊ ತೋರಿಸಿಕೊಂಡು ತಿರುಗಿದೆ. ಆಮೇಲೆ ಯಾರೋ ಕೇಳಿದರು, ಇದರ ಕಿವಿರು ಎಲ್ಲಿ ಅಂತ. ಬೆನ್ನ ಮೇಲೆ ಏನೂ ಇಲ್ಲ! ಕೊಂಬು ಅಂದುಕೊಂಡದ್ದು ಬರೀ ಮುಂದಿನ ಅಂಚು ಮಡಚಿಕೊಂಡದ್ದು. ಮೈ ಕಾಗದದಷ್ಟು ತೆಳು.

ನುಡಿಗಳ್ಳ:
ಇಷ್ಟೆಲ್ಲ ಮಾತಾಡುತ್ತಿದ್ದೀರಿ, ಇದಕ್ಕೆ ಕನ್ನಡದಲ್ಲಿ ಏನನ್ನುತ್ತೀರಿ? 'ಕಡಲ ಹುಳು' ಅನ್ನುವುದು ನನಗೆ ಇಷ್ಟ ಆಗುತ್ತಿಲ್ಲ. ಮೃದ್ವಂಗಿಯನ್ನು ಹುಳು ಅಂದರೆ ಹೇಗೆ?

ತರಲೆ_ತಮ್ಮ:
ಬಸವನಹುಳು ಮೃದ್ವಂಗಿ ಅಲ್ವಾ ಸ್ವಾಮಿ? ಅದಕ್ಕೆ ಹುಳು ಅಂತ ಹೆಸರಿಟ್ಟಾಗ ಎಲ್ಲಿ ಹೋಗಿದ್ದಿರಿ?

ನುಡಿಗಳ್ಳ:
ಒಪ್ಪಿದೆ. ಚಿಪ್ಪಿಲ್ಲದ್ದಕ್ಕೆ ಗೊಂಡೆಹುಳು ಅನ್ನುವ ಮಾತಿದೆ. 'ಕಡಲ ಗೊಂಡೆಹುಳು' ನಡೆಯುತ್ತದೆ. ಆದರೂ ತಲೆ ಮೇಲಿನ ಆ ಕೊಂಬು ನೋಡಿದರೆ 'ಕಡಲ ಬಸವ' ಅನ್ನೋಣ ಅನ್ನಿಸುತ್ತದೆ.

ಮೃದ್ವಂಗಿ_ಮೇಷ್ಟ್ರು:
ಕೊಂಬಿನ ಹೆಸರು ರೈನೋಫೋರ್. ಆ ಗ್ರೀಕ್ ಪದದಲ್ಲಿ ಮೂಗು ಇದೆ, ಕೊಂಬು ಇಲ್ಲ. ನೀರಿನಲ್ಲಿರುವ ವಾಸನೆ ಹಿಡಿಯುವುದು ಅದರ ಕೆಲಸ. 'ಮೂಗುಕೊಂಬು' ಅನ್ನಿ ಬೇಕಾದರೆ. ಗುರುತಿಸುವಾಗ ಅದೂ ಮುಖ್ಯ. ಇದೇ ರಸ ಹೀರುವ ಗುಂಪಿನ ಎಲೀಸಿಯಾಗಳಲ್ಲಿ ಅದು ವೀಳ್ಯದೆಲೆ ಸುತ್ತಿದ ಹಾಗೆ ಸುರುಳಿ, ಸೈರ್ಸಿಗಳಲ್ಲಿ ತುದಿ ಎರಡು ಕವಲು. ಇವರ ಫೋಟೊದಲ್ಲಿ ನುಣ್ಣಗಿನ ಕಡ್ಡಿ ಥರ ಇದೆ. ಹಾಗಾಗಿ ಆ ಎರಡನ್ನೂ ಬಿಡಬಹುದು.

ತೀರದ_ಕ್ಯಾಮೆರಾ:
ಕ್ಷಮಿಸಿ, ತಡವಾಯಿತು. ಹಳೆಯ ಕಾರ್ಡಿನಿಂದ ಇನ್ನೆರಡು ಫೋಟೊ ತೆಗೆದೆ. ಒಂದು ಮುಖದ ಪಕ್ಕದ್ದು, ಸ್ವಲ್ಪ ಅಲ್ಲಾಡಿದೆ. ಇನ್ನೊಂದು ಪಾಚಿಯದ್ದು.

ಕಣ್ಣು... ತಲೆಯ ಪಕ್ಕದಲ್ಲಿ, ಕೊಂಬಿನ ಹಿಂದೆ, ಒಂದು ಕಪ್ಪು ಚುಕ್ಕೆ ಕಾಣುತ್ತದೆ. ಆ ಕಡೆಯದು ಕಾಣುತ್ತಲೇ ಇಲ್ಲ. ಅಂದರೆ ದೂರ ದೂರ ಇವೆ ಅಂತ ತಾನೇ?

ಮೃದ್ವಂಗಿ_ಮೇಷ್ಟ್ರು:
ಹೌದು. ದೂರ ದೂರ ಇವೆ. ನಡುಗೆರೆಗೆ ಒತ್ತಿಕೊಂಡಿದ್ದರೆ ಪಕ್ಕದಿಂದ ನೋಡಿದಾಗಲೂ ಅದು ತಲೆಯ ನೆತ್ತಿಯ ಹತ್ತಿರ ಕಾಣಬೇಕಿತ್ತು. ಇಲ್ಲಿ ಕೆನ್ನೆಯ ಮೇಲಿದೆ. ಕಾಸ್ಟಾಸಿಯೆಲ್ಲಾ ಅಲ್ಲ.

ಉಪ್ಪುನೀರು:
ಛೇ.

ತೀರದ_ಕ್ಯಾಮೆರಾ:
ಬೇಜಾರಾಯಿತು ಅಂತ ಹೇಳದೆ ಇರಲಾರೆ. ಮನೆಯವರಿಗೆಲ್ಲ ಎಲೆಕುರಿ ಸಿಕ್ಕಿತು ಅಂತ ಹೇಳಿ ಆಗಿದೆ. ಆ್ಯಪ್ ಯಾಕೆ ಅಷ್ಟು ಧೈರ್ಯದಿಂದ ಹೇಳಿತು?

ಗಾಜಿನ_ತೊಟ್ಟಿ:
ಆ್ಯಪ್ ಕಲಿಯುವುದು ಜನ ಹಾಕಿದ ಫೋಟೊಗಳಿಂದ. ಜನ ಹಾಕುವುದು ಮುದ್ದಾಗಿರುವುದನ್ನು. ಹಸಿರು, ಗೊಂಚಲು, ಸಣ್ಣದು ಅಂದರೆ ಅದಕ್ಕೆ ಗೊತ್ತಿರುವುದು ಅದೊಂದೇ ಮುಖ.

ಪಾಚಿಪ್ರೇಮಿ:
ನೀವೆಲ್ಲ ಬೇಜಾರು ಮಾಡಿಕೊಳ್ಳುತ್ತಿದ್ದೀರಿ, ನಾನಿಲ್ಲಿ ಕುರ್ಚಿಯಿಂದ ಎದ್ದು ನಿಂತಿದ್ದೇನೆ. ಆ ಪಾಚಿ ಬರ್ಗೆಸೇನಿಯಾ! ನೋಡಿದರೆ ಬರ್ಗೆಸೇನಿಯಾ ಫೋರ್ಬ್ಸಿಯೈ ಅನ್ನಿಸುತ್ತದೆ.

ಇದು ಎಂಥ ಗಿಡ ಗೊತ್ತಾ? ನೀವು ಒತ್ತಿ ನೋಡಿದ ಆ ಗುಳ್ಳೆ ಇದೆಯಲ್ಲ, ಅದು ಪೂರ್ತಿ ಒಂದೇ ಜೀವಕೋಶ. ಸೂಕ್ಷ್ಮದರ್ಶಕ ಬೇಡ, ಕೈಯಲ್ಲಿ ಹಿಡಿಯಬಹುದಾದ ಜೀವಕೋಶ. ಒಳಗೆ ರಸ ತುಂಬಿ ಬಿಗಿದುಕೊಂಡಿರುತ್ತದೆ, ಅದಕ್ಕೇ ಗಟ್ಟಿ. ಸೂಜಿಯಿಂದ ಚುಚ್ಚಿ ನೋಡಿದರೆ ಒಳಗಿನ ಹಸಿರೆಲ್ಲ ನಿಧಾನಕ್ಕೆ ಸಣ್ಣ ಸಣ್ಣ ಉಂಡೆಗಳಾಗಿ ಒಟ್ಟುಗೂಡುತ್ತದೆ. ಒಂದೊಂದು ಉಂಡೆಯೂ ಹೊಸ ಗೋಡೆ ಕಟ್ಟಿಕೊಂಡು ಹೊಸ ಗಿಡವಾಗಬಲ್ಲದು. ನಾನು ಮೊದಲ ಸಲ ನೋಡಿದಾಗ ಊಟಕ್ಕೆ ಏಳಲಿಲ್ಲ.

ಮೇಷ್ಟ್ರೇ, ಬರ್ಗೆಸೇನಿಯಾ ಮೇಲಿನ ರಸಹೀರುಕ ಅಂದರೆ ನಿಮಗೆ ಏನಾದರೂ ನೆನಪಾಗುತ್ತಿದೆಯೇ?

ಮೃದ್ವಂಗಿ_ಮೇಷ್ಟ್ರು:
ನೆನಪಾಗುತ್ತಿದೆ, ಅದಕ್ಕೇ ಇಷ್ಟು ಹೊತ್ತು ಸುಮ್ಮನಿದ್ದೆ. ತೀರದ_ಕ್ಯಾಮೆರಾ ಅವರೇ, ಒಂದು ಕೆಲಸ ಮಾಡಿ. ಪಾಚಿಯ ಫೋಟೊವನ್ನು ಪೂರ್ತಿ ದೊಡ್ಡದು ಮಾಡಿ ಎಡಗಡೆ ಕೆಳಗಿನ ಗುಳ್ಳೆ ನೋಡಿ. ಉಳಿದವು ದಟ್ಟ ಹಸಿರು, ಅದು ಮಾತ್ರ ಪೇಲವ. ಒಳಗೆ ಏನಾದರೂ ಕಾಣುತ್ತದೆಯೇ?

ತೀರದ_ಕ್ಯಾಮೆರಾ:
ಒಂದು ನಿಮಿಷ.

ತೀರದ_ಕ್ಯಾಮೆರಾ:
ಸರ್. ಒಳಗೆ ಇನ್ನೊಂದು ಇದೆ. ಗುಳ್ಳೆಯ ಒಳಗೆ! ಗೊಂಚಲಿನ ನೆರಳು ಸ್ಪಷ್ಟವಾಗಿ ಕಾಣುತ್ತದೆ. ತೆಗೆಯುವಾಗ ನಾನು ನೋಡಿಯೇ ಇರಲಿಲ್ಲ. ಮೈ ಜುಮ್ ಅಂತಿದೆ.

ಉಪ್ಪುನೀರು:
ಏನು!!! ಒಳಗೆ ಹೇಗೆ ಹೋಯಿತು?

ಮೃದ್ವಂಗಿ_ಮೇಷ್ಟ್ರು:
ಇದು ಎರ್ಕೊಲಾನಿಯಾ ಕುಲದ ಕಡೆಗೆ ಕೈ ತೋರಿಸುತ್ತಿದೆ. ನುಣ್ಣಗಿನ ಮೂಗುಕೊಂಬು, ಪಕ್ಕದ ಕಣ್ಣು, ಗೊಂಚಲಿನೊಳಗೆ ಕವಲೊಡೆದ ಹಸಿರು ಜೀರ್ಣಗ್ರಂಥಿ, ಎಲ್ಲ ಹೊಂದುತ್ತದೆ. ಈ ಕುಲದಲ್ಲಿ ಪಾಚಿಯ ಒಳಗೇ ವಾಸ ಮಾಡುವವು ಇವೆ. 1999ರಲ್ಲಿ ಸ್ಟ್ರೂವಿಯಾ ಪಾಚಿಯೊಳಗಿನದಕ್ಕೆ ಎರ್ಕೊಲಾನಿಯಾ ಎಂಡೊಫೈಟೊಫಾಗಾ ಅಂತ ಹೆಸರಿಟ್ಟರು. 'ಗಿಡದ ಒಳಗಿದ್ದು ತಿನ್ನುವುದು' ಅಂತ ಅರ್ಥ. 2007ರಲ್ಲಿ ಇನ್ನೊಂದಕ್ಕೆ ಎರ್ಕೊಲಾನಿಯಾ ಕೆನ್‌ಕೋಲೆಸಿ ಅಂತ ಹೆಸರು ಬಂತು. ಅದು ವಾಸಿಸುವುದು ಬರ್ಗೆಸೇನಿಯಾದ ಒಳಗೇ.

ಒಳಗೆ ಹೇಗೆ ಹೋಯಿತು ಅಂತ ಉಪ್ಪುನೀರು ಮೇಡಂ ಕೇಳಿದ್ದಕ್ಕೆ: ಈ ಗುಂಪಿನ ನಾಲಗೆಪಟ್ಟಿಯಲ್ಲಿ ಹಲ್ಲು ಒಂದೇ ಸಾಲು, ಒಂದು ಹೊತ್ತಿಗೆ ಕೆಲಸ ಮಾಡುವುದು ಒಂದೇ ಹಲ್ಲು. ಅದರಿಂದ ಕೋಶದ ಗೋಡೆ ಕುಯ್ದು ರಸ ಹೀರುತ್ತವೆ. ಸವೆದ ಹಲ್ಲನ್ನು ಉಗುಳುವುದಿಲ್ಲ, ಗಂಟಲಿನ ಕೆಳಗೊಂದು ಚೀಲದಲ್ಲಿ ಕೂಡಿಡುತ್ತವೆ. ಸ್ಯಾಕೊಗ್ಲೊಸಾ ಅಂದರೇ ಚೀಲನಾಲಗೆ. ಆ ಚೀಲ ಬಿಚ್ಚಿದರೆ ಹುಟ್ಟಿದಾಗಿನಿಂದ ಬಳಸಿದ ಹಲ್ಲುಗಳು ಸಿಗಬಹುದು, ಮರಿಯಾಗಿದ್ದಾಗಿನ ಚಿಕ್ಕದೂ ಸೇರಿ.

ತರಲೆ_ತಮ್ಮ:
ಒಬ್ಬನೇ ಇರುವ ಮನೆ, ಗೋಡೆಯೇ ಊಟ. ಎಲೆಕುರಿಗಿಂತ ಇದೇ ಸುಖಜೀವಿ.

ಪಾಚಿಪ್ರೇಮಿ:
ಗೋಡೆ ಅಲ್ಲ, ಒಳಗಿನ ರಸ ಊಟ. ಗೋಡೆ ಉಳಿಯುತ್ತದೆ, ಅದಕ್ಕೇ ಗುಳ್ಳೆ ಪೇಲವ ಆಗುವುದು.

ತೀರದ_ಕ್ಯಾಮೆರಾ:
ಹಾಗಾದರೆ ಎರ್ಕೊಲಾನಿಯಾ ಕೆನ್‌ಕೋಲೆಸಿ ಅಂತ ಬರೆದುಕೊಳ್ಳಲಾ?

ಮೃದ್ವಂಗಿ_ಮೇಷ್ಟ್ರು:
ಬೇಡ.

ತೀರದ_ಕ್ಯಾಮೆರಾ:
:(

ಹಳೇ_ಡೈವರ್:
ಮೇಷ್ಟ್ರೇ, ಇದು ಅನ್ಯಾಯ. ಅದೇ ಪಾಚಿ, ಅದೇ ಒಳಗಿನ ವಾಸ, ಅದೇ ಕುಲ. ಇನ್ನೇನು ಬೇಕು ನಿಮಗೆ?

ಮೃದ್ವಂಗಿ_ಮೇಷ್ಟ್ರು:
ಅದೇ ಪಾಚಿ ತಿನ್ನುವವರು ಒಬ್ಬರೇ ಅಂತ ಯಾರು ಹೇಳಿದರು? ಒಂದು ಬೀದಿಯಲ್ಲಿ ಇರುವವರೆಲ್ಲ ಒಂದೇ ಮನೆಯವರಾಗುತ್ತಾರಾ? ಪಾಚಿ ಒಳ್ಳೆಯ ಸುಳಿವು, ಕುಲದವರೆಗೆ ಕರೆದುಕೊಂಡು ಬಂತು. ಪ್ರಭೇದಕ್ಕೆ ಹಲ್ಲಿನ ಆಕಾರ ನೋಡಬೇಕು, ಒಳಗಿನ ಅಂಗ ನೋಡಬೇಕು, ಸಾಧ್ಯವಾದರೆ ಡಿಎನ್‌ಎ. ಎರ್ಕೊಲಾನಿಯಾ ಮತ್ತು ಅದರ ಹತ್ತಿರದ ಸ್ಟಿಲಿಜರ್ ಇವೆರಡನ್ನು ಬೇರೆ ಮಾಡುವಾಗಲೂ ಜನ ಹಲ್ಲು ನೋಡುತ್ತಾರೆ, ಎರ್ಕೊಲಾನಿಯಾದ್ದು ಮರದ ಬೂಟಿನ ಆಕಾರ. ಹಾಗಾಗಿ ನಾನು ಕುಲದ ಹೆಸರು ಹೇಳುವಾಗಲೂ 'ಬಹುಶಃ' ಸೇರಿಸಿಯೇ ಹೇಳುವುದು.

ಗಾಜಿನ_ತೊಟ್ಟಿ:
ಹಾಗಾದರೆ ಒಂದನ್ನು ತಂದು ಫಾರ್ಮಲಿನ್‌ನಲ್ಲಿ ಹಾಕಿದರೆ ಆಯಿತಲ್ಲ.

ಮೃದ್ವಂಗಿ_ಮೇಷ್ಟ್ರು:
ಫಾರ್ಮಲಿನ್‌ನಲ್ಲಿ ಹಾಕಿದರೆ ಡಿಎನ್‌ಎ ಕೆಡುತ್ತದೆ. ಡಿಎನ್‌ಎಗೆ 95% ಎಥನಾಲ್. ಅದರಲ್ಲಿ ಹಾಕಿದರೆ ಬಣ್ಣ ಹೋಗುತ್ತದೆ, ಮೈ ಮುದುಡಿಕೊಳ್ಳುತ್ತದೆ. ಅದಕ್ಕೇ ಮೊದಲು ಬದುಕಿದ್ದಾಗಿನ ಫೋಟೊ, ಆಮೇಲೆ ಮೆಗ್ನೀಸಿಯಂ ಕ್ಲೋರೈಡ್ ನೀರಿನಲ್ಲಿ ಮಂಪರು ಬರಿಸಿ ಮೈ ಸಡಿಲ ಮಾಡುವುದು, ಆಮೇಲೆ ಎಥನಾಲ್. ಇದೆಲ್ಲ ಅನುಮತಿ ಇದ್ದವರು ಮಾಡುವ ಕೆಲಸ. ಹವಳದ ದಿಬ್ಬದಿಂದ ಸುಮ್ನೆ ಎತ್ತಿಕೊಂಡು ಬರುವುದಲ್ಲ.

ಉಪ್ಪುನೀರು:
ಒಂದು ಹೆಸರಿಗೋಸ್ಕರ ಅದನ್ನು ಕೊಲ್ಲುವುದಾದರೆ ಹೆಸರೇ ಬೇಡ. ಅದರ ಪಾಡಿಗೆ ಗುಳ್ಳೆಯಲ್ಲಿ ಇರಲಿ.

ಮೃದ್ವಂಗಿ_ಮೇಷ್ಟ್ರು:
ನಿಮ್ಮ ಮಾತು ಅರ್ಥವಾಗುತ್ತದೆ ಮೇಡಂ. ಆದರೆ ಎಲೆಕುರಿಗೂ 1993ರಲ್ಲಿ ಒಬ್ಬರು ಮಾದರಿ ಇಟ್ಟುಕೊಂಡು ವಿವರಿಸಿ ಬರೆದದ್ದರಿಂದಲೇ ಇವತ್ತು ನಾವು 'ಇದು ಅದಲ್ಲ' ಅನ್ನಲು ಆಗುತ್ತಿರುವುದು.

ಹೊಸಬ_22:
ವಾವ್ ಎಲೆಕುರಿ! ಇದು ಗಿಡದ ಥರ ದ್ಯುತಿಸಂಶ್ಲೇಷಣೆ ಮಾಡುವ ಪ್ರಾಣಿ ಅಲ್ವಾ, ಊಟವೇ ಬೇಡವಂತೆ!

ತರಲೆ_ತಮ್ಮ:
ಸ್ವಾಗತ. ಮೇಲಿಂದ ಓದಿಕೊಂಡು ಬನ್ನಿ.

ಗಾಜಿನ_ತೊಟ್ಟಿ:
ಇರಲಿ ಬಿಡಿ, ಒಳ್ಳೆಯ ಪ್ರಶ್ನೆ. ಅರ್ಧ ನಿಜ. ಕಾಸ್ಟಾಸಿಯೆಲ್ಲಾ, ಎಲೀಸಿಯಾ ಮುಂತಾದ ಕೆಲವು ತಿಂದ ಪಾಚಿಯಲ್ಲಿನ ಬೆಳಕಿನಿಂದ ಆಹಾರ ತಯಾರಿಸುವ ಹಸಿರು ಕಣಗಳನ್ನು, ಅಂದರೆ ಕ್ಲೋರೋಪ್ಲಾಸ್ಟ್‌ಗಳನ್ನು ಜೀರ್ಣಿಸದೆ ಮೈಯಲ್ಲಿ ಇಟ್ಟುಕೊಳ್ಳುತ್ತವೆ, ಅವು ಒಳಗೆ ಕೆಲಸವನ್ನೂ ಮಾಡುತ್ತವೆ. ಎಲೀಸಿಯಾ ಕ್ಲೋರೋಟಿಕಾದಲ್ಲಿ ತಿಂಗಳುಗಟ್ಟಲೆ. ಆದರೆ 'ಊಟವೇ ಬೇಡ' ಅನ್ನುವುದಕ್ಕೆ ಪೆಟ್ಟು ಬಿದ್ದಿದೆ. 2014ರಲ್ಲಿ ಎರಡು ಪ್ರಭೇದಗಳನ್ನು ಬೆಳಕಿನಲ್ಲೂ ಕತ್ತಲಲ್ಲೂ ಉಪವಾಸ ಇಟ್ಟು ನೋಡಿದರು. ಕತ್ತಲಲ್ಲಿದ್ದವೂ ಬದುಕಿದವು.

ಹೊಸಬ_22:
ಪಾಚಿಯ ಜೀನ್ ಕದ್ದಿದೆ ಅಂತಲೂ ಓದಿದ್ದೆ?

ಗಾಜಿನ_ತೊಟ್ಟಿ:
2008ರಲ್ಲಿ ಹಾಗೆ ಬರೆದಿದ್ದರು. 2013ರಲ್ಲಿ ಮೊಟ್ಟೆಗಳ ಡಿಎನ್‌ಎ ಓದಿದಾಗ ಅಂಥ ಜೀನ್ ಸಿಗಲಿಲ್ಲ. ಹಳೆಯ ಸುದ್ದಿ ಮಾತ್ರ ಇನ್ನೂ ಓಡಾಡುತ್ತಿದೆ.

ತೀರದ_ಕ್ಯಾಮೆರಾ:
ನಮ್ಮದು? ಕನಿಷ್ಠ ಬಿಸಿಲಾದರೂ ತಿನ್ನುತ್ತದೆಯೇ?

ಮೃದ್ವಂಗಿ_ಮೇಷ್ಟ್ರು:
ಎರ್ಕೊಲಾನಿಯಾ ಹತ್ತಿರದವು ಸಾಮಾನ್ಯವಾಗಿ ಕ್ಲೋರೋಪ್ಲಾಸ್ಟ್ ಉಳಿಸಿಕೊಳ್ಳುವುದಿಲ್ಲ, ಜೀರ್ಣಿಸಿಬಿಡುತ್ತವೆ. ನೀವು ನೋಡಿದ ಹಸಿರು ಅದರ ಊಟ, ಅಷ್ಟೇ. ಅದನ್ನೂ ಕಿತ್ತುಕೊಂಡದ್ದಕ್ಕೆ ಕ್ಷಮಿಸಿ.

ಒಂದು ಸಮಾಧಾನದ ಕಥೆ ಹೇಳುತ್ತೇನೆ. ಎರಡು ಚಿಪ್ಪಿನ ಪುಟ್ಟ ಪುಟ್ಟ ಪಳೆಯುಳಿಕೆಗಳನ್ನು ಬಹಳ ಕಾಲ ಕಪ್ಪೆಚಿಪ್ಪಿನ ಸಂಬಂಧಿ ಅಂತ ವಿಂಗಡಿಸಿ ಇಟ್ಟಿದ್ದರು. ಎರಡು ಚಿಪ್ಪಿದೆ, ಇನ್ನೇನು ಬೇಕು? 1959ರಲ್ಲಿ ಜಪಾನಿನ ಕವಾಗುತಿ ಮತ್ತು ಬಾಬಾ ಅಂಥದೊಂದು ಜೀವಂತ ಪ್ರಾಣಿಯನ್ನು ವಿವರಿಸಿದರು, ತಮನೋವಾಲ್ವಾ ಲೈಮ್ಯಾಕ್ಸ್ ಅಂತ. ಚಿಪ್ಪಿನಿಂದ ತಲೆ ಹೊರಗೆ ಬಂತು, ಮೂಗುಕೊಂಬು ಬಂತು, ತೆವಳಿಕೊಂಡು ಪಾಚಿ ಮೇಲೆ ಹೊರಟಿತು. ನಿಮ್ಮ ಹುಳದ ನೆಂಟ, ಇದೇ ಚೀಲನಾಲಗೆಯ ಗುಂಪು. ಪಂಡಿತರೇ ಅಷ್ಟು ವರ್ಷ ಎಡವಿದ್ದರು. ನೀವು ಎಡವಿದ್ದು ನಾಲ್ಕು ದಿನ.

ನುಡಿಗಳ್ಳ:
ಒಂದು ಸಣ್ಣ ಸಂದೇಹ. ಕೆಲವು ಕಡೆ ವೈಜ್ಞಾನಿಕ ಹೆಸರಿನ ಜೊತೆ ಹೆಸರಿಟ್ಟವರ ಹೆಸರನ್ನು ಆವರಣದೊಳಗೆ ಹಾಕುತ್ತಾರೆ, ಕೆಲವು ಕಡೆ ಹಾಕುವುದಿಲ್ಲ. ಮುದ್ರಣದ ತಪ್ಪಾ?

ಮೃದ್ವಂಗಿ_ಮೇಷ್ಟ್ರು:
ತಪ್ಪಲ್ಲ, ಅದರಲ್ಲೊಂದು ಚರಿತ್ರೆ ಇದೆ. ಮೊದಲು ಹೆಸರಿಟ್ಟಾಗ ಇದ್ದ ಕುಲದಲ್ಲೇ ಇದ್ದರೆ ಆವರಣ ಇಲ್ಲ. ಆಮೇಲೆ ಬೇರೆ ಕುಲಕ್ಕೆ ಸಾಗಿಸಿದ್ದರೆ ಆವರಣ ಬರುತ್ತದೆ. ಎಲೀಸಿಯಾ ವಿರಿಡಿಸ್‌ಗೆ 1804ರಲ್ಲಿ ಮಾಂಟೆಗು ಹೆಸರಿಟ್ಟಾಗ ಅದು ಎಲೀಸಿಯಾ ಆಗಿರಲಿಲ್ಲ, ಹಾಗಾಗಿ ಮಾಂಟೆಗು ಆವರಣದೊಳಗೆ. ಎಲೆಕುರಿಗೆ ಹೆಸರಿಟ್ಟ ಇಚಿಕಾವಾ ಹೊರಗೆ.

ತರಲೆ_ತಮ್ಮ:
ಮನೆ ಬದಲಿಸಿದರೆ ಕಂಬಿ ಹಿಂದೆ. ಗೊತ್ತಾಯಿತು.

ತೀರದ_ಕ್ಯಾಮೆರಾ:
ಎಲ್ಲರಿಗೂ ಧನ್ಯವಾದ. ಮೂರೂ ಫೋಟೊಗಳ ಹೆಸರು ಬದಲಾಯಿಸಿದೆ: 'ಬಹುಶಃ ಎರ್ಕೊಲಾನಿಯಾ, ಪ್ರಭೇದ ತಿಳಿಯದು, ಬರ್ಗೆಸೇನಿಯಾದ ಮೇಲೆ ಮತ್ತು ಒಳಗೆ'. ಅಳತೆ, ಸಮುದ್ರ, ದಿನಾಂಕ ಎಲ್ಲ ಹಾಕಿದ್ದೇನೆ. ಮನೆಯಲ್ಲಿ ಎಲೆಕುರಿ ಅಲ್ಲವಂತೆ ಅಂದೆ. ಯಾರಿಗೂ ಬೇಸರ ಆಗಲಿಲ್ಲ, ಗುಳ್ಳೆಯೊಳಗಿನ ಫೋಟೊವನ್ನೇ ತೋರಿಸು ತೋರಿಸು ಅನ್ನುತ್ತಿದ್ದಾರೆ.

ಮುಂದಿನ ಸಲ ಹೋದಾಗ ಪೇಲವ ಗುಳ್ಳೆಗಳನ್ನೇ ಹುಡುಕುತ್ತೇನೆ. ಕಣ್ಣಿನ ಫೋಟೊ ಮೊದಲು.

ಪಾಚಿಪ್ರೇಮಿ:
ಪಾಚಿಯ ಫೋಟೊ ಮೊದಲು!

ಮೃದ್ವಂಗಿ_ಮೇಷ್ಟ್ರು:
ನೀರಿನ ಆಳ ಬರೆದಿಲ್ಲ. 'ಮೊಣಕಾಲುದ್ದ' ಅಂತಾದರೂ ಹಾಕಿ.